ಬಿಚ್ಚಿ, ಮೊದಲಿನಿಂದ ಹೆಣೆಯಿರಿ

ಬ್ರಹ್ಮಾವರ
೧೪-೧-೧೯೬೫

ನಿವೃತ್ತ ಮುಖ್ಯೋಪಾಧ್ಯಾಯ ಚಂದಯ್ಯ ಹೆಗ್ಡೆಯವರಿಗೆ,

ಪತ್ರದ ಆರಂಭದಲ್ಲಿ ಕುಶಲ ಕೇಳುವುದು ವಾಡಿಕೆ. ನಿಮ್ಮ ಕುಶಲದಲ್ಲಿ ನನಗೆ ಆಸಕ್ತಿಯಿಲ್ಲವಾದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ನನ್ನ ಹೆಸರು ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ. ೧೯೫೮ರ ಫೆಬ್ರವರಿಯವರೆಗೆ ನಿಮ್ಮ ಶಾಲೆಯಲ್ಲಿ ನಾನು ಹೊಲಿಗೆ ಮತ್ತು ಹೆಣಿಗೆಯ ತಾತ್ಕಾಲಿಕ ಶಿಕ್ಷಕಿಯಾಗಿದ್ದೆ. ಏಳನೆಯ ತರಗತಿಯ ಮೂವರು ಹುಡುಗಿಯರು, ಗಂಗೊಳ್ಳಿಯ ಪದ್ದು ಮತ್ತು ಅವಳ ಜೊತೆಯವರಾದ ಗೋಪಿ, ಉಮಾವತಿ, ಸೇರಿ ಒಂದು ಉಲ್ಲನ್ ಮಫ್ಲರ್ ಹೆಣೆದಿದ್ದರು. ಒಬ್ಬೊಬ್ಬಳದು ನೂರು ಸಾಲು. ಕುಂದಾಪುರದ ಮಕ್ಕಳ ಪ್ರದರ್ಶನಕ್ಕೆ ಅದು ಹೋಗುವ ಮುನ್ನಾದಿನ ನೀವು ಅದನ್ನು ಮೇಜಿನ ಮೇಲೆ ಹರಡಿದಿರಿ, ಕನ್ನಡಕ ಒರೆಸಿಕೊಂಡಿರಿ, ನೋಡಿದಿರಿ. ಆಮೇಲೆ ನನ್ನ ಸರ್ವಿಸ್ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಮೂರು ವಾಕ್ಯ ಬರೆದಿರಿ:

“ತನ್ನ ಕೈಕೆಲಸವನ್ನು ವಿದ್ಯಾರ್ಥಿನಿಯರದೆಂದು ತೋರಿಸಿದ್ದಾರೆ. ಇದು ವಂಚನೆ. ಶಿಕ್ಷಕ ವೃತ್ತಿಗೆ ಇವರು ಅರ್ಹರಲ್ಲ.”

ಏಳು ವರ್ಷಗಳಿಂದ ಯಾವ ಶಾಲೆಯ ಬಾಗಿಲಿಗೆ ಹೋದರೂ ಆ ಮೂರು ವಾಕ್ಯಗಳು ನನಗಿಂತ ಮೊದಲೇ ಹೋಗಿ ಒಳಗೆ ಕುಳಿತಿರುತ್ತವೆ. ಬಾಡಿಗೆ ಮನೆಯ ಜಗಲಿಯಲ್ಲಿ ಹೆಂಗಸರಿಗೆ ರವಿಕೆ ಕತ್ತರಿಸಲು ಕಲಿಸಿಕೊಂಡಿದ್ದೇನೆ.

ಆ ಮೂರು ವಾಕ್ಯಗಳು ಸುಳ್ಳೆಂದು ನಿಮ್ಮ ಕೈಯಾರೆ ಬರೆದು, ಸಹಿ ಮಾಡಿ ಕಳುಹಿಸಿ. ನಿಮ್ಮಿಂದ ಅದು ಆಗದೆಂದು ಬಲ್ಲೆ. ಆದರೂ ನಾನು ಕೇಳಲಿಲ್ಲವೆಂಬ ಮಾತು ಬರಬಾರದು.

ಕುಸುಮಾವತಿ


ಬೈಂದೂರು
೨೧-೧-೧೯೬೫

ಕುಮಾರಿ ಕುಸುಮಾವತಿಯವರಿಗೆ,

ನೀವು ಬಿಟ್ಟ ಸಾಲನ್ನು ನಾನು ಬಿಡಲಾರೆ. ನೀವು ಕುಶಲವಾಗಿದ್ದೀರೆಂದು ನಂಬಿದ್ದೇನೆ.

ನಾನು ಬರೆದದ್ದು ಕಂಡದ್ದನ್ನು. ಆ ಮಫ್ಲರ್ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಅಗಲ, ಒಂದೇ ನಯ. ಮೂವರು ಬರೆದ ಉತ್ತರ ಪತ್ರಿಕೆಗಳು ಒಂದೇ ಅಕ್ಷರದಲ್ಲಿದ್ದರೆ ಪರೀಕ್ಷಕನು ಏನೆಂದು ತಿಳಿಯಬೇಕು? ಆ ಮೂವರಲ್ಲಿ ಪದ್ದು ಎಂಬವಳಂತೂ ಗೆರೆ ಎಳೆದ ಹಾಳೆಯ ಮೇಲೂ ನೆಟ್ಟಗೆ ಬರೆಯಲಾರದವಳು. ಸಾಲದೆಂಬಂತೆ ಆಕೆಯೇ ನನ್ನ ಎದುರು ನಿಂತು, ‘ಟೀಚರೇ ಹೆಣದದ್ದ್’ ಎಂದು ಒಪ್ಪಿಕೊಂಡಳು. ಇದಕ್ಕಿಂತ ಹೆಚ್ಚಿನ ಸಾಕ್ಷ್ಯವನ್ನು ಯಾವ ಮುಖ್ಯೋಪಾಧ್ಯಾಯನೂ ಹುಡುಕುವುದಿಲ್ಲ.

ಆದರೆ ನೋಡಿ ಬರೆದದ್ದನ್ನು ಮತ್ತೆ ನೋಡಿ ತಿದ್ದಲು ನನ್ನ ಅಡ್ಡಿಯಿಲ್ಲ. ಮಫ್ಲರ್ ನಿಮ್ಮಲ್ಲಿದ್ದರೆ ಕಳುಹಿಸಿ. ಅದರಲ್ಲಿ ಮೂರು ಕೈಗಳು ನನ್ನ ಕಣ್ಣಿಗೆ ಕಂಡರೆ ಅಂದೇ ಬರೆದುಕೊಡುತ್ತೇನೆ. ಕಾಣದಿದ್ದರೆ ಯಾರು ಕೇಳಿದರೂ ಬರೆಯುವುದಿಲ್ಲ.

‘ಉಲ್ಲನ್’ ಎಂದಿದ್ದೀರಿ. ಉಣ್ಣೆ ಎಂಬ ಒಳ್ಳೆಯ ಮಾತು ನಮ್ಮಲ್ಲಿರುವಾಗ ಅದೇಕೆ ಬೇಕು?

ಚಂದಯ್ಯ ಹೆಗ್ಡೆ


ಬ್ರಹ್ಮಾವರ
೨೭-೧-೧೯೬೫

ಹೆಗ್ಡೆಯವರಿಗೆ,

ಉಣ್ಣೆ. ಸರಿ. ನಿಮ್ಮಿಂದ ಕಲಿಯಬೇಕಾದ ಕೊನೆಯ ಪಾಠ ಅದಾಗಿರಲಿ.

ಪದ್ದು ಒಪ್ಪಿಕೊಂಡಳೆಂದು ಅಂದೂ ಹೇಳಿದ್ದಿರಿ. ಅಂದಿನಿಂದ ನಾನು ಅವಳ ಮುಖ ನೋಡಿಲ್ಲ. ತಾನೇ ಹೆಣೆದ ನೂರು ಸಾಲನ್ನು ತನ್ನದಲ್ಲವೆಂದವಳು ನನಗೆ ಬೇಡ. ಆದರೆ ಆ ಸಿಟ್ಟು ಬೇರೆ. ಅದರಿಂದ ನಿಮ್ಮ ಮೇಲಿನ ಸಿಟ್ಟು ಒಂದೆಳೆಯಷ್ಟೂ ಕಡಿಮೆಯಾಗುವುದಿಲ್ಲ.

ಮಫ್ಲರ್ ನನ್ನ ಟ್ರಂಕಿನಲ್ಲಿದೆ. ಕಳುಹಿಸುವುದಿಲ್ಲ. ನೋಡಲು ಕಲಿಯದೆ ಒಮ್ಮೆ ನೋಡಿದಿರಿ. ಅದರ ಫಲವನ್ನು ನಾನು ಉಂಡೆ. ಹೆಣಿಗೆಯನ್ನು ಒದ್ದೆ ಮಾಡಿ, ಚಾಪೆಯ ಮೇಲೆ ಎಳೆದು ಹರಡಿ, ನೆರಳಿನಲ್ಲಿ ಒಣಗಿಸಿದರೆ ಬಿಗಿ ಕೈ, ಸಡಿಲ ಕೈ ಎಲ್ಲ ಮೇಲ್ನೋಟಕ್ಕೆ ಒಂದಾಗುತ್ತದೆ. ಪ್ರದರ್ಶನಕ್ಕೆಂದು ನಾನು ಹಾಗೆ ಮಾಡಿಸಿದ್ದೆ. ಒಳಗೆ ಮೂರು ಕೈ ಮೂರಾಗಿಯೇ ಉಳಿದಿವೆ. ಅದನ್ನು ಓದಲು ತಾನೇ ಹೆಣೆದು ಪಳಗಿದ ಕೈ ಬೇಕು.

ಆದ್ದರಿಂದ ಕಲಿಯಿರಿ. ಕಲಿಸುವವಳು ನಾನು. ನಿಬಂಧನೆ ಒಂದೇ: ಪ್ರತಿ ಕೆಲಸವೂ ಅಂಚೆಯಲ್ಲಿ ನನ್ನಲ್ಲಿಗೆ ಬರಬೇಕು, ಒಂದು ತಪ್ಪು ಕಂಡರೂ ಪೂರ್ತಿ ಬಿಚ್ಚಿ ಮೊದಲಿನಿಂದ ಹೆಣೆಯಬೇಕು. ನಾನು ತೇರ್ಗಡೆ ಎನ್ನುವವರೆಗೆ ಮಫ್ಲರಿನ ಮಾತು ಎತ್ತಬಾರದು.

ಮೊದಲ ಪಾಠ, ಬಿಸಿ ಪಾತ್ರೆ ಹಿಡಿಯುವ ಚೌಕ. ಇದಕ್ಕಿಂತ ಸುಲಭದ್ದು ಹೆಣಿಗೆಯಲ್ಲಿ ಇಲ್ಲ. ಎಂಟು ವರ್ಷದ ಮಕ್ಕಳು ಮಾಡುತ್ತಾರೆ. ಒಂದೂವರೆ ಗೇಣಿನ ಎರಡು ಬಿದಿರ ಕಡ್ಡಿಗಳನ್ನು ಕೆತ್ತಿಸಿ, ತುದಿ ಚೂಪು ಮಾಡಿ, ಒರಟು ಎಲೆಯಿಂದ ಉಜ್ಜಿ ನಯಗೊಳಿಸಿ. ಎಡಗೈಯ ಕಡ್ಡಿಯ ಮೇಲೆ ಇಪ್ಪತ್ತು ಕುಣಿಕೆ ಹಾಕಿ. ಬಲಗೈಯ ಕಡ್ಡಿಯನ್ನು ಮೊದಲ ಕುಣಿಕೆಯೊಳಗೆ ತೂರಿಸಿ, ನೂಲನ್ನು ಅದಕ್ಕೆ ಒಮ್ಮೆ ಸುತ್ತಿ, ಆ ಸುತ್ತನ್ನು ಕುಣಿಕೆಯಿಂದ ಈಚೆಗೆ ಎಳೆದು, ಹಳೆಯ ಕುಣಿಕೆಯನ್ನು ಜಾರಿಸಿಬಿಡಿ. ಇಪ್ಪತ್ತೂ ಆದರೆ ಒಂದು ಸಾಲು. ನಲವತ್ತು ಸಾಲಾದರೆ ಚೌಕ. ಅಂಗೈ ಬೆವರಿ ಉಣ್ಣೆ ಅಂಟಿದರೆ ಅಕ್ಕಿ ಹಿಟ್ಟು ಸವರಿಕೊಳ್ಳಿ.

ಕುಸುಮಾವತಿ


(ಅದೇ ದಿನ ಬರೆದು ಅಂಚೆಗೆ ಹಾಕದ ಕಾಗದ)

ಹೆಗ್ಡೆಯವರೇ,

ಹೇಳಲೇಬೇಕಾದ ಮಾತನ್ನು ಎರಡು ಪತ್ರಗಳಲ್ಲೂ ನುಂಗಿದ್ದೇನೆ. ಕುಂದಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬರುವ ವರ್ಷಕ್ಕೆ ಹೊಲಿಗೆ ಶಿಕ್ಷಕಿಯ ಕಾಯಂ ಕೆಲಸವಿದೆ. ಅರ್ಜಿ ಮಂಗಳೂರಿಗೆ ಸೇರಲು ಮೇ ೩೧ ಕೊನೆಯ ದಿನ. ಜುಲೈಯಲ್ಲಿ ನನಗೆ ಮೂವತ್ತೈದು ತುಂಬುತ್ತದೆ. ಆಮೇಲೆ ಯಾವ ಅರ್ಜಿಗೂ ನಾನು ಸಲ್ಲುವುದಿಲ್ಲ. ಅರ್ಜಿಯ ಜೊತೆಗೆ ನಿಮ್ಮ ಕೈಬರಹ ಇಲ್ಲದಿದ್ದರೆ ಆ ಮೂರು ವಾಕ್ಯಗಳೇ ನನ್ನ ಪರವಾಗಿ ಮಾತಾಡುತ್ತವೆ.

ಇದನ್ನು ತಿಳಿಸಿದರೆ ನೀವು ಕನಿಕರಪಟ್ಟು ಬರೆದುಕೊಟ್ಟರೂ ಕೊಡಬಹುದು. ಆ ಕನಿಕರ ನನಗೆ ಬೇಡ. ಕನಿಕರದ ಕಾಗದದಲ್ಲಿ ನಾನು ಕ್ಷಮೆ ಪಡೆದ ಕಳ್ಳಿಯಾಗುತ್ತೇನೆ. ನೀವು ಸೋತು, ತಲೆ ತಗ್ಗಿಸಿ ಬರೆಯಬೇಕು. ಅದಕ್ಕೆ ಮೊದಲು ಬಿಚ್ಚಬೇಕು, ಹೆಣೆಯಬೇಕು, ಮತ್ತೆ ಬಿಚ್ಚಬೇಕು. ನಾಲ್ಕು ತಿಂಗಳಿವೆ. ಸಾಕು.

ಇದನ್ನು ಅಂಚೆಗೆ ಹಾಕುವುದಿಲ್ಲ.


ಬೈಂದೂರು
೧೫-೨-೧೯೬೫

ಕುಮಾರಿ ಕುಸುಮಾವತಿಯವರಿಗೆ,

ನಿಬಂಧನೆಗೆ ಒಪ್ಪಿದ್ದೇನೆ. ಇದರೊಂದಿಗೆ ಮೊದಲ ಚೌಕವಿದೆ. ಚೌಕವೆಂಬ ಹೆಸರು ಅದಕ್ಕೆ ಒಪ್ಪದೆಂದು ನನಗೂ ತೋರಿದೆ. ಒಂದು ಬದಿ ಅಗಲವಾಗುತ್ತಾ ಹೋಗಿ ಅದು ಬೀಸಣಿಗೆಯಂತಾಗಿದೆ. ಕಾರಣ ತಿಳಿಯಲಿಲ್ಲ.

ಊರಿಗೆಲ್ಲ ಸುದ್ದಿಯಾಗಿದೆ. ಪಾಠದೊಂದಿಗೆ ನೀವು ಕಳುಹಿಸಿದ ಉಣ್ಣೆಯ ಉಂಡೆ ತಂದ ಅಂಚೆಯವ ಕುಷ್ಟ ಅದನ್ನು ದಾರಿಯುದ್ದಕ್ಕೂ ತೋರಿಸಿಕೊಂಡು ಬಂದನೆಂದು ಕಾಣುತ್ತದೆ. ಬಲೆ ಕಟ್ಟುವ ದೇವು ಜಗಲಿಯೆದುರು ನಿಂತು ಕೂಗಿದ: “ಹ್ವಾಯ್ ಮಾಷ್ಟ್ರೇ, ಎಂತ ಮೀನ್ ಹಿಡುಕ್ ಈ ಬಲಿ? ಇಷ್ಟ್ ಸಣ್ಣ್ ಕಣ್ಣಂಗೆ ನೀರೂ ದಾಟುದಿಲ್ಲೆ!”

ಇದು ಬಲೆಯಲ್ಲ, ಬಲೆಯಲ್ಲಿ ಕಣ್ಣಿಗೊಂದು ಗಂಟು ಇರುತ್ತದೆ, ಹೆಣಿಗೆಯಲ್ಲಿ ಗಂಟೇ ಇಲ್ಲ, ಒಂದು ತುದಿ ಹಿಡಿದು ಎಳೆದರೆ ಪೂರ್ತಿ ಬಿಚ್ಚಿಹೋಗುತ್ತದೆ ಎಂದು ವಿವರಿಸಿದೆ.

“ಹಾಂಗಾರೆ ಅದ್ ಎಂತಕ್ಕ್ ಪ್ರಯೋಜ್ನ ಮಾರಾಯ್ರೇ?” ಎಂದು ನಕ್ಕು ಹೋದ.

ನನ್ನ ಮನೆಯಾಕೆ ಇನ್ನೂ ಮುಂದೆ ಹೋಗಿದ್ದಾಳೆ. “ಅಕ್ಕಿ ಹಿಟ್ಟ್ ಎಲ್ಲ ನಿಮ್ಮ್ ಕೈಗೇ ಮುಗೀತ್. ನಾಳಿಗ್ ರೊಟ್ಟಿ ಬದ್ಲ್ ಆ ಚೌಕವೇ ಬಡಸ್ತೆ, ತಿನ್ನಿ” ಎಂದಿದ್ದಾಳೆ.

ನಲವತ್ತು ವರ್ಷ ಇತರರ ತಪ್ಪು ಹುಡುಕಿದವನು ತನ್ನ ತಪ್ಪಿನ ಕಾರಣ ತಿಳಿಯದೆ ಕುಳಿತಿದ್ದೇನೆ. ತಿದ್ದುಪಡಿಯನ್ನು ನಿರೀಕ್ಷಿಸುತ್ತೇನೆ.

ಚಂದಯ್ಯ ಹೆಗ್ಡೆ


ಬ್ರಹ್ಮಾವರ
೨೦-೨-೧೯೬೫

ಹೆಗ್ಡೆಯವರಿಗೆ,

ಇಪ್ಪತ್ತು ಕುಣಿಕೆಯಿಂದ ಆರಂಭಿಸಿ ಇಪ್ಪತ್ತಾರರಲ್ಲಿ ಮುಗಿಸಿದ್ದೀರಿ. ಸಾಲು ತಿರುಗಿಸುವಾಗ ನೂಲು ಮೇಲಕ್ಕೆ ಹೋದರೆ ಅಂಚಿನ ಒಂದು ಕುಣಿಕೆ ಎರಡಾಗಿ ಕಾಣುತ್ತದೆ. ಇಲ್ಲದ್ದನ್ನು ಇದೆಯೆಂದು ಎಣಿಸಿ ಹೆಣೆದಿದ್ದೀರಿ. ಇದು ನಿಮ್ಮ ಹಳೆಯ ಅಭ್ಯಾಸ.

ತಪ್ಪಿರುವಲ್ಲೆಲ್ಲ ಕೆಂಪು ದಾರ ಕಟ್ಟಿದ್ದೇನೆ. ಹದಿನೇಳು. ನಿಮ್ಮ ಚೌಕವನ್ನು ನನ್ನ ತರಗತಿಯ ಹೆಂಗಸರಿಗೆ ತೋರಿಸಿದೆ. ಒಬ್ಬಾಕೆ, “ಪಾಪ, ಕಣ್ಣ್ ಕಾಂತಿಲ್ಯಾ ಆ ಮಗುಗೆ?” ಎಂದಳು. ಮಗುವಿಗೆ ಅರವತ್ತು ದಾಟಿದೆಯೆಂದೆ. ಆಮೇಲೆ ಅರ್ಧ ಗಂಟೆ ಯಾರೂ ಕೆಲಸ ಮಾಡಲಿಲ್ಲ.

ಬಿಚ್ಚಿ, ಮೊದ‌ಲಿನಿಂದ ಹೆಣೆಯಿರಿ.

ಕುಸುಮಾವತಿ


ಬೈಂದೂರು
೨೨-೩-೧೯೬೫

ಕುಮಾರಿ ಕುಸುಮಾವತಿಯವರಿಗೆ,

ನಾಲ್ಕನೆಯ ಚೌಕ ತೇರ್ಗಡೆಯಾಯಿತೆಂಬ ನಿಮ್ಮ ಕಾರ್ಡನ್ನು ಮನೆಯಾಕೆಗೆ ಎರಡು ಸಲ ಓದಿ ಹೇಳಿದೆ. ಇದರೊಂದಿಗೆ ಎರಡನೆಯ ಪಾಠದ ಕುಲಾವಿ ಇದೆ. ನೀವು ಬರೆದಂತೆ ಅರುವತ್ತು ಕುಣಿಕೆಯ ಪಟ್ಟಿ ಹೆಣೆದು, ಎರಡಂಚು ಸೇರಿಸಿ ಹೊಲಿದು, ಮೇಲ್ತುದಿಗೆ ದಾರ ಪೋಣಿಸಿ ಬಿಗಿದಿದ್ದೇನೆ. ಬಿಚ್ಚಿದ್ದು ಐದು ಸಲ.

ಒಂದು ಮಾತನ್ನು ಹೇಳಲೇಬೇಕು. ನನ್ನ ಸೇವಾವಧಿಯಲ್ಲಿ ಇಷ್ಟು ಕಟ್ಟುನಿಟ್ಟಾಗಿ ತಿದ್ದುವ ಶಿಕ್ಷಕರನ್ನು ನಾನು ನೋಡಿಲ್ಲ. ಹೊಗಳಿಕೆಯಿಲ್ಲ, ರಿಯಾಯಿತಿಯಿಲ್ಲ, ಕೆಂಪು ದಾರವಿಲ್ಲದೆ ತಪ್ಪಿಸಿಕೊಂಡ ಒಂದು ದೋಷವಿಲ್ಲ. ನಿಮ್ಮ ಪತ್ರ ಬರುವ ದಿನವನ್ನು ನಾನು ಕಾಯುತ್ತೇನೆ. ನಿಮಗೆ ಕೃತಜ್ಞನಾಗಿದ್ದೇನೆ.

ಮತ್ತೊಂದು. ಬೆಳಿಗ್ಗೆ ಹೆಣೆದ ನನ್ನ ಸಾಲುಗಳು ಸಡಿಲ. ಮಧ್ಯಾಹ್ನ ಯಾರಾದರೂ ನಕ್ಕು ಹೋದ ಮೇಲೆ ಹೆಣೆದವು ಬಿಗಿ. ಒಂದೇ ಕೈಯಲ್ಲಿ ಇಷ್ಟು ಭೇದವಿದ್ದರೆ ಮೂರು ಕೈಗಳಲ್ಲಿ ಎಷ್ಟಿರಬೇಕು? ಈಗ ನಾನು ಓದಬಲ್ಲೆನೆಂದು ತೋರುತ್ತದೆ. ದಯವಿಟ್ಟು ಆ ಮಫ್ಲರನ್ನು ಕಳುಹಿಸಿ.

ಚಂದಯ್ಯ ಹೆಗ್ಡೆ


ಬ್ರಹ್ಮಾವರ
೨೭-೩-೧೯೬೫

ಹೆಗ್ಡೆಯವರಿಗೆ,

ಕೃತಜ್ಞತೆಯನ್ನು ಹಿಂದಿರುಗಿಸಿದ್ದೇನೆ. ನಿಮ್ಮ ಸಂತೋಷಕ್ಕಾಗಿ ಇದನ್ನು ಆರಂಭಿಸಿದ್ದಲ್ಲ. ಕುಲಾವಿಯೂ ಜೊತೆಗಿದೆ, ಹೊಲಿಗೆ ಸೊಟ್ಟ.

ಮಫ್ಲರಿನ ಮಾತು ಎತ್ತಬಾರದೆಂದಿದ್ದೆ. ಎತ್ತಿದ್ದೀರಿ. ಆದ್ದರಿಂದ ಮೂರನೆಯ ಪಾಠವನ್ನು ಹಿಗ್ಗಿಸಿದ್ದೇನೆ. ಅಗಲಕ್ಕೆ ಮೂವತ್ತು ಕುಣಿಕೆ, ಉದ್ದಕ್ಕೆ ಮುನ್ನೂರು ಸಾಲು. ಮೂರು ಹುಡುಗಿಯರು ಸೇರಿ ಮಾಡಿದ್ದನ್ನು ನೀವೊಬ್ಬರೇ ಮಾಡಬೇಕು. ಕರಾವಳಿಯ ಸೆಕೆಯಲ್ಲಿ ಉಣ್ಣೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತರೆ ಹೇಗಿರುತ್ತದೆಂದು ಪದ್ದುವಿಗೆ ಗೊತ್ತಿತ್ತು, ಗೋಪಿಗೆ ಗೊತ್ತಿತ್ತು. ಈಗ ನಿಮಗೂ ಗೊತ್ತಾಗಲಿ.

ಕುಸುಮಾವತಿ


ಬೈಂದೂರು
೨-೫-೧೯೬೫

ಕುಮಾರಿ ಕುಸುಮಾವತಿಯವರಿಗೆ,

ಎರಡು ಸಲ ಬಿಚ್ಚಿದ್ದಾಯಿತು. ಮೊದಲ ಸಲ ಎಂಬತ್ತನೆಯ ಸಾಲಿನಲ್ಲಿ ಒಂದು ಕುಣಿಕೆ ಜಾರಿ ಕೆಳಗಿಳಿಯಿತು. ಎರಡನೆಯ ಸಲ ಬೆಕ್ಕು. ಈಗ ಇನ್ನೂರಹತ್ತನೆಯ ಸಾಲಿನಲ್ಲಿದ್ದೇನೆ. ಮೊಣಕಾಲ ಮೇಲೆ ಬೆವರುಸಾಲೆ ಎದ್ದಿದೆ. ತೋರುಬೆರಳಿನ ತುದಿ ಒಡೆದದ್ದರಿಂದ ಎಣ್ಣೆಬಟ್ಟೆ ಸುತ್ತಿಕೊಂಡಿದ್ದೇನೆ. ದೂರಲು ಬರೆದದ್ದಲ್ಲ, ಕೆಲಸ ತಡವಾದುದಕ್ಕೆ ಕಾರಣ ಕೊಡಬೇಕಾದ್ದು ವಿದ್ಯಾರ್ಥಿಯ ಕರ್ತವ್ಯ.

ನಿಯಮ ಮೀರಿ ಇನ್ನೊಮ್ಮೆ ಕೇಳುತ್ತಿದ್ದೇನೆ. ಈಗ ಮಫ್ಲರನ್ನು ನೋಡಬಹುದೇ? ನನ್ನ ಮನಸ್ಸಿನಲ್ಲಿ ಒಂದು ಸಂಶಯ ಎದ್ದಿದೆ, ನಿಮ್ಮ ಬಗ್ಗೆಯಲ್ಲ.

ಚಂದಯ್ಯ ಹೆಗ್ಡೆ


ಬ್ರಹ್ಮಾವರ
೧೦-೫-೧೯೬೫

ಹೆಗ್ಡೆಯವರಿಗೆ,

ಮಫ್ಲರನ್ನು ಕಳುಹಿಸಿದ್ದೇನೆ. ಬಿಳಿಯ ಬಟ್ಟೆಯಲ್ಲಿಟ್ಟು ನಾಲ್ಕೂ ಬದಿ ಹೊಲಿದಿದ್ದೇನೆ. ಅದನ್ನು ಬಿಚ್ಚಕೂಡದು. ನೀವು ಹೆಣೆಯುವಲ್ಲಿ ಎದುರಿಗೆ ಇಟ್ಟುಕೊಳ್ಳಿ. ಕಣ್ಣೆದುರಿಗೇ ಇದ್ದು ಕೈಗೆ ಸಿಗದಿರುವುದು ಎಂದರೇನೆಂದು ಏಳು ವರ್ಷ ನಾನು ಕಲಿತಿದ್ದೇನೆ. ಏಳು ದಿನವಾದರೂ ನೀವು ಕಲಿಯಿರಿ.

ಮುನ್ನೂರನೆಯ ಸಾಲು ಮುಗಿದು, ಇದರಲ್ಲಿ ಒಂದು ತಪ್ಪೂ ಇಲ್ಲವೆಂದು ನಿಮ್ಮ ಮನಸ್ಸಿಗೆ ಒಪ್ಪಿದ ದಿನ ಕಟ್ಟನ್ನು ಬಿಚ್ಚಬಹುದು. ಅದಕ್ಕೆ ಮೊದಲು ಬಿಚ್ಚಿದರೆ ನೀವು ಬರೆದ ಒಂದಕ್ಷರವನ್ನೂ ನಾನು ತೆಗೆದುಕೊಳ್ಳುವುದಿಲ್ಲ. ನಡುವೆ ಪತ್ರ ಬರೆಯುವುದೂ ಬೇಡ.

ಕುಸುಮಾವತಿ


(೨೩-೫-೧೯೬೫ರಂದು ಬರೆದು ಅಂಚೆಗೆ ಹಾಕದ ಕಾಗದ)

ಹೆಗ್ಡೆಯವರೇ,

ಲೆಕ್ಕ ಹಾಕಿದ್ದೆ. ಉಳಿದದ್ದು ತೊಂಬತ್ತು ಸಾಲು. ಇಪ್ಪತ್ತರೊಳಗೆ ನೀವು ಮುಗಿಸಿರಬೇಕು. ಬಿಚ್ಚಿ ನೋಡಿರಬೇಕು. ಮೂರು ಕೈ ಕಂಡಿರಬೇಕು. ಕಂಡ ಮೇಲೂ ಸುಮ್ಮನೆ ಕುಳಿತಿದ್ದೀರಿ. ಮುಖ್ಯೋಪಾಧ್ಯಾಯರ ಕತ್ತು ಬಾಗುತ್ತಿಲ್ಲ.

ಇವತ್ತು ಈ ಕಾಗದವನ್ನು ಹಾಕಿದರೆ ನಾಡಿದ್ದು ನಿಮಗೆ ಸಿಗುತ್ತದೆ. ‘ಮೇ ೩೧’ ಎಂದು ಒಂದು ಸಾಲು ಬರೆದರೆ ಸಾಕು. ಅರ್ಜಿ ತುಂಬಿಸಿಟ್ಟಿದ್ದೇನೆ, ನಾನೇ ಮಂಗಳೂರಿಗೆ ಒಯ್ದು ಕೊಡಬಲ್ಲೆ. ಅಂಚೆಪೆಟ್ಟಿಗೆಯವರೆಗೆ ಹೋದೆ. ಆ ಒಂದು ಸಾಲನ್ನು ಓದುವಾಗ ನಿಮ್ಮ ಮುಖದ ಮೇಲೆ ಮೂಡುವ ದಯೆಯನ್ನು ನೆನೆದೆ. ಹಿಂದಿರುಗಿದೆ.

ನೀವಾಗಿ ಬರೆಯಬೇಕು. ಇನ್ನೂ ಎಂಟು ದಿನವಿದೆ.


ಬೈಂದೂರು
೬-೬-೧೯೬೫

ಕುಮಾರಿ ಕುಸುಮಾವತಿಯವರಿಗೆ,

ಕೆಲಸ ಮುಗಿಯಿತು! ಉದ್ಗಾರಚಿಹ್ನೆಯನ್ನು ನಾನು ಸಾಮಾನ್ಯವಾಗಿ ಬಳಸುವುದಿಲ್ಲ.

ನಿಮ್ಮ ಕಟ್ಟು ಮೇ ೧೪ರಂದು ಬಂತು. ನೀವು ಹೇಳಿದಂತೆ ಎದುರಿಗೆ, ಗೋಡೆಯ ಗೂಡಿನಲ್ಲಿ ಇಟ್ಟೆ. ಹದಿನೆಂಟರಂದು ಇನ್ನೂರತೊಂಬತ್ತನೆಯ ಸಾಲಿಗೆ ಬಂದಿದ್ದೆ. ಅಂದು ಕೆಲಸವನ್ನು ಬೆಳಕಿಗೆ ಹಿಡಿದು ನೋಡಿದಾಗ ಅರುವತ್ತೊಂದನೆಯ ಸಾಲಿನಲ್ಲಿ ಒಂದು ಕುಣಿಕೆ ತಿರುಚಿಕೊಂಡಿರುವುದು ಕಂಡಿತು. ಮನೆಯಾಕೆ, “ಒಂದ್ ಕುಣ್ಕಿ ಅಲ್ದಾ? ಕುತ್ಗಿಗ್ ಸುತ್ಕಂಡ್ರೆ ಯಾರಿಗ್ ಕಾಂತ್ತ್?” ಎಂದಳು. ನನಗೆ ಕಾಣುತ್ತದೆ ಎಂದೆ. ಒಂದು ತಪ್ಪೂ ಇಲ್ಲವೆಂದು ಮನಸ್ಸಿಗೆ ಒಪ್ಪಬೇಕೆಂಬುದು ನಿಮ್ಮ ಮಾತು. ಪೂರ್ತಿ ಬಿಚ್ಚಿದೆ. ಅಲ್ಲಿಂದ ಬೆಳಗು ಸಂಜೆ ಬೇರೆ ಕೆಲಸ ಮಾಡಲಿಲ್ಲ. ನಿನ್ನೆ ಮುನ್ನೂರು ಸಾಲು ಮುಗಿಯಿತು. ಇಪ್ಪತ್ತೆರಡು ದಿನ ಆ ಬಿಳಿಯ ಕಟ್ಟನ್ನು ಮುಟ್ಟಲಿಲ್ಲವೆಂದು ಪ್ರಮಾಣ ಮಾಡಬಲ್ಲೆ.

ನಿನ್ನೆ ಬಿಚ್ಚಿದೆ. ಗೇಣಿನ ಕಡ್ಡಿ ಇಟ್ಟು ಸಾಲು ಎಣಿಸಿದೆ. ಮೊದಲ ಭಾಗದಲ್ಲಿ ಗೇಣಿಗೆ ನಲವತ್ತೆರಡು, ನಡುವೆ ನಲವತ್ತೆಂಟು, ಕೊನೆಯಲ್ಲಿ ಐವತ್ತಾರು. ಮೂರು ಕೈ. ಕೊನೆಯ ಭಾಗದಲ್ಲಿ ಹೊಸ ನೂಲು ಸೇರಿಸಿದಲ್ಲಿ ಒಂದು ಸಣ್ಣ ಗಂಟಿತ್ತು. ನೀವು ನನಗೆ ಕಲಿಸಿದ್ದು ಎರಡು ಎಳೆಗಳನ್ನು ಜೊತೆಯಾಗಿಟ್ಟು ಹೆಣೆಯಬೇಕು, ಗಂಟು ಹಾಕಬಾರದು ಎಂದು. ಇಂದು ಬೆಳಿಗ್ಗೆ ದೇವುವನ್ನು ಕರೆದು ತೋರಿಸಿದೆ.

“ಇದ್ ನಮ್ಮ್ ಬಲಿ ಗಂಟ್ ಅಲ್ದಾ?” ಎಂದ. “ಎಳ್ದಷ್ಟೂ ಬಿಗಿ ಆತ್ತ್. ಉಣ್ಣಿಗ್ ಯಾರ್ ಹಾಕದ್ದ್ ಮಾಷ್ಟ್ರೇ ಇದನ್ನ? ನಮ್ಮನಿ ಹೆಣ್ಣ್ ಯಾರೋ ಇರ್ಕ್.”

ಆ ಮೂವರಲ್ಲಿ ಮೀನುಗಾರರ ಮನೆಯವಳು ಪದ್ದು ಒಬ್ಬಳೇ. ಆ ಮೂರು ವಾಕ್ಯಗಳು ಸುಳ್ಳೆಂಬ ನನ್ನ ಹೇಳಿಕೆಯನ್ನು ಲಗತ್ತಿಸಿದ್ದೇನೆ. ಅದರಲ್ಲಿ ನಿಮಗೆ ತಿಳಿಯದ ಒಂದು ಸಂಗತಿ ಇದೆ. ಪದ್ದು ಒಪ್ಪಿಕೊಂಡಳೆಂದು ನಾನು ಬರೆದದ್ದು ನಿಜ. ಹೇಗೆ ಒಪ್ಪಿಕೊಂಡಳೆಂದು ಬರೆದಿರಲಿಲ್ಲ. ‘ನಾನೇ ಹೆಣದದ್ದ್’ ಎಂದು ಅವಳು ಹೇಳುತ್ತಲೇ ಇದ್ದಳು. ನಾನು ಬೆತ್ತ ತೆಗೆದೆ. ಕೆಲವು ಏಟುಗಳ ಬಳಿಕ ನನಗೆ ಬೇಕಾದ ಉತ್ತರ ಬಂತು. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಅದು ತನ್ನ ವಂಚನೆಗೆ ನಾಚಿಕೊಂಡದ್ದೆಂದು ನಾನು ತಿಳಿದೆ.

ತೇರ್ಗಡೆಯನ್ನು ಕೇಳುವ ಧೈರ್ಯ ನನಗಿಲ್ಲ.

ಚಂದಯ್ಯ ಹೆಗ್ಡೆ


ಬ್ರಹ್ಮಾವರ
೧೧-೬-೧೯೬೫

ಹೆಗ್ಡೆಯವರಿಗೆ,

ಹೇಳಿಕೆ ತಲುಪಿತು. ಅದರಲ್ಲಿ ತಪ್ಪಿಲ್ಲ. ಮೇ ೩೧ರೊಳಗೆ ಅದು ಮಂಗಳೂರಿನಲ್ಲಿ ಇರಬೇಕಾಗಿತ್ತು. ಕುಂದಾಪುರದಲ್ಲಿ ಒಂದು ಕೆಲಸವಿತ್ತು. ಬರುವ ತಿಂಗಳಿಂದ ನನ್ನ ವಯಸ್ಸಿನವರಿಗೆ ಯಾವ ಕೆಲಸವೂ ಇಲ್ಲ.

ಮೊದಲ ಸಲ ನೀವು ಏನೂ ಕಲಿಯದೆ ನನ್ನನ್ನು ಮುಗಿಸಿದಿರಿ. ಈ ಸಲ ಪೂರ್ತಿ ಕಲಿತು ಮುಗಿಸಿದಿರಿ. ಒಂದು ತಿರುಚಿದ ಕುಣಿಕೆ! ಅದನ್ನು ಯಾರೂ ನೋಡುತ್ತಿರಲಿಲ್ಲ. ನಿಮ್ಮನ್ನು ಶಪಿಸಲು ಕುಳಿತರೆ ನನ್ನ ಮಾತುಗಳೇ ಬಾಯಿಗೆ ಬರುತ್ತವೆ: ಬಿಚ್ಚಿ, ಮೊದಲಿನಿಂದ ಹೆಣೆಯಿರಿ.

ಹನ್ನೆರಡು ವರ್ಷದ ಹುಡುಗಿಗೆ ಬೆತ್ತ. ಇದನ್ನು ಏಳು ವರ್ಷ ನನ್ನಿಂದ ಮುಚ್ಚಿಟ್ಟಿರಿ. ಏಳು ವರ್ಷ ನಾನು ಅವಳನ್ನು ದ್ವೇಷಿಸಿದೆ. ಇನ್ನು ಬರೆಯಬೇಡಿ.

ಕುಸುಮಾವತಿ


ಬೈಂದೂರು
೧೮-೬-೧೯೬೫

ಕುಮಾರಿ ಕುಸುಮಾವತಿಯವರಿಗೆ,

ಬರೆಯಬೇಡಿ ಎಂದದ್ದನ್ನು ಇದೊಂದು ಸಲ ಮೀರುತ್ತೇನೆ. ಮಳೆಯಲ್ಲಿ ಮಂಗಳೂರಿಗೆ ಹೋಗಿ ಬಂದೆ. ಕಚೇರಿಯಲ್ಲಿ ಎಲ್ಲವನ್ನೂ ಹೇಳಿದೆ. ಗೌರವದಿಂದ ಕೂರಿಸಿ, ದಿನ ಕಳೆದ ಮೇಲೆ ಬಂದ ಕಾಗದವನ್ನು ಸ್ವೀಕರಿಸುವಂತಿಲ್ಲ ಎಂದರು. ಆ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ದಿನಾಂಕವನ್ನು ನನಗೆ ಒಂದು ಕಾರ್ಡಿನಲ್ಲಿ ತಿಳಿಸಿದ್ದರೆ ಆಗುತ್ತಿತ್ತು. ಏಕೆ ತಿಳಿಸಲಿಲ್ಲವೆಂದು ಕೇಳುವ ಹಕ್ಕು ನನಗಿಲ್ಲ.

ಚಂದಯ್ಯ ಹೆಗ್ಡೆ


ಬ್ರಹ್ಮಾವರ
೨೬-೯-೧೯೬೫

ಹೆಗ್ಡೆಯವರಿಗೆ,

ಯುದ್ಧದ ಹೊತ್ತಿನಲ್ಲಿ ಜವಾನರಿಗೆಂದು ಹೆಣೆಯಲು ಬಂದ ನಲವತ್ತು ಹೆಂಗಸರಿಗೆ ಕಡ್ಡಿ ಹಿಡಿಯಲು ಕಲಿಸಿದೆ. ಈಗ ಯುದ್ಧ ನಿಂತಿದೆ. ನಿನ್ನೆ ಕುಂದಾಪುರದಲ್ಲಿ ದೋಣಿಯಲ್ಲಿ ಕಡವು ದಾಟಿ ಗಂಗೊಳ್ಳಿಗೆ ಹೋದೆ. ನಿಮ್ಮ ಹೇಳಿಕೆ ನನಗೆ ಉಪಯೋಗಕ್ಕೆ ಬರಲಿಲ್ಲ. ಪದ್ದುವಿಗಾದರೂ ಓದಿ ಹೇಳೋಣವೆಂದುಕೊಂಡೆ.

ಅವಳು ದೋಣಿಗಳು ಬರುವಲ್ಲಿ ಮೀನು ಆರಿಸುತ್ತಿದ್ದಳು. ಹತ್ತೊಂಬತ್ತು ವರ್ಷದ ಹೆಂಗಸು. ನನ್ನನ್ನು ನೋಡಿದವಳೇ ಗುರುತು ಹಿಡಿದಳು. ಏಳಲಿಲ್ಲ.

“ಈಗ ದಾರಿ ಸಿಕ್ತಾ ಟೀಚರ್ರೇ?” ಎಂದಳು.

ಮಾಸ್ಟ್ರು ಹೊಡೆದದ್ದು ನನಗೆ ಗೊತ್ತಿರಲಿಲ್ಲ ಪದ್ದು, ಎಂದೆ.

“ಕೇಣ್ಲಿಲ್ಲೆ ನೀವ್. ಕೇಂಡ್ರೆ ಅಲ್ದಾ ಗೊತ್ತಾಪ್ದ್? ಹತ್ತ್ ಪೆಟ್ಟಿಗೂ ನಾನ್ ಹೇಳ್ಲಿಲ್ಲೆ. ಹನ್ನೊಂದಕ್ಕ್ ಹೇಳ್ದೆ. ಹನ್ನೊಂದ್ ತಿಂದದ್ದ್ ನಾನ್, ಮೋರಿ ತಿರ್ಗಿಸ್ದದ್ದ್ ನೀವ್.”

ಹೇಳಿಕೆಯನ್ನು ತೆಗೆದು ಓದತೊಡಗಿದೆ. ಎರಡನೆಯ ವಾಕ್ಯಕ್ಕೆ ತಡೆದಳು. “ನಿಮ್ಮ್ ಬಾಯಂಗ್ ಬ್ಯಾಡ. ಹೊಡದದ್ದ್ ಅವ್ರ್. ಅವ್ರೇ ಬಂದ್ ಓದ್ಲಿ, ಇಲ್ಲಿ, ಎಲ್ಲರ್ ಎದ್ರಂಗೆ. ಕಳ್ಳಿ ಹೆಣ್ಣ್ ಅಂದ್ಹೇಳಿ ಈ ಕೇರಿ ಏಳ್ ವರ್ಷ ಕರದಿತ್ತ್. ಇವ್ರೆಲ್ಲ ಕೇಣ್ಲಿ.”

ನಾಲ್ಕು ತಿಂಗಳು ನಿಮ್ಮನ್ನು ಕುಣಿಸಿದ್ದು ನಾನು. ಕೇಳಬೇಕಾದವಳು ಇವಳಾಗಿದ್ದಳು. ನನ್ನದು ಇಲ್ಲಿಗೆ ಮುಗಿಯಿತು. ಅವಳದು ಉಳಿದಿದೆ. ಹೇಳಿಕೆಯನ್ನು ಹಿಂದಕ್ಕೆ ಕಳುಹಿಸಿದ್ದೇನೆ.

ಅದರಲ್ಲಿ ತಪ್ಪಿಲ್ಲವೆಂದಿದ್ದೆ. ಇದೆ. ‘ಕೆಲವು ಏಟುಗಳು’ ಎಂದು ಬರೆದಿದ್ದೀರಿ.

ಕುಸುಮಾವತಿ


ಬೈಂದೂರು
೪-೧೦-೧೯೬೫

ಕುಮಾರಿ ಕುಸುಮಾವತಿಯವರಿಗೆ,

ಹನ್ನೊಂದು ಎಂದು ತಿದ್ದಿ, ಹೊಸದಾಗಿ ಬರೆದೆ. ನಿನ್ನೆ ಬಸ್ಸಿನಲ್ಲಿ ಗಂಗೊಳ್ಳಿಗೆ ಹೋದೆ. ದೋಣಿಗಳು ಆಗಷ್ಟೇ ಬಂದಿದ್ದವು. ಐವತ್ತು ಅರುವತ್ತು ಹೆಂಗಸರಿದ್ದರು. ಪದ್ದು ಬುಟ್ಟಿ ತುಂಬುತ್ತಿದ್ದಳು. ಅವಳೆದುರು ನಿಂತು ನನ್ನ ಹೆಸರು ಹೇಳಿ ಓದಲು ಆರಂಭಿಸಿದೆ.

“ಕೇಂತಿಲ್ಲೆ” ಎಂದಳು.

ಗಟ್ಟಿಯಾಗಿ ಓದಿದೆ. ಹೆಂಗಸರು ಮಾತು ನಿಲ್ಲಿಸಿದರು. ನಾನು ಮುಗಿಸಿದಾಗ ಅವಳು ಬುಟ್ಟಿಯನ್ನು ತಲೆಗೇರಿಸಿ, “ಕೇಂತಿಲ್ಲೆ ಮಾಷ್ಟ್ರೇ” ಎಂದು ಹೊರಟಳು. ಹಿಂದೆಯೇ ಹೋದೆ. ಮರಳಿನಲ್ಲಿ ಚಪ್ಪಲಿ ಹೂತುಹೋಯಿತು, ಕೈಯಲ್ಲಿ ಹಿಡಿದುಕೊಂಡೆ. ಐಸಿನ ಅಂಗಡಿಯ ಮುಂದೆ ಇನ್ನೊಮ್ಮೆ ಓದಿದೆ. ಮೀನು ಒಣಗಿಸುವ ಕಡೆ ಒಮ್ಮೆ. ಅವಳ ಕೇರಿಯ ಬಾಯಿಯಲ್ಲಿ ಒಮ್ಮೆ; ಅಲ್ಲಿ ಗಂಡಸರೂ ಹೊರಗೆ ಬಂದು ನಿಂತಿದ್ದರು. ಒಬ್ಬ ಮುದುಕಿ, “ಹ್ವಾಯ್ ಪದ್ದೂ, ಊರಿಗೆಲ್ಲ ಕೇಂತ್, ನಿಂಗ್ ಮಾತ್ರ ಕೆಪ್ಪಾ?” ಎಂದು ಕೂಗಿದಳು. ಎಲ್ಲರೂ ನಕ್ಕರು. ಪದ್ದು ನಗಲಿಲ್ಲ, ತಿರುಗಿಯೂ ನೋಡಲಿಲ್ಲ. ಬುಟ್ಟಿ ಹಿಡಿದ ಅವಳ ಕೈಯನ್ನು ನೋಡುತ್ತಾ ಹಿಂದೆ ನಡೆದೆ.

ಏಳನೆಯ ಸಲಕ್ಕೆ ನನ್ನ ಧ್ವನಿ ಕಟ್ಟಿತು. ಅವಳು ತನ್ನ ಮನೆಯ ಬಾಗಿಲಲ್ಲಿ ಬುಟ್ಟಿ ಇಳಿಸಿ, “ಇನ್ನೂ ನಾಲ್ಕ್ ಇತ್ತ್” ಎಂದು ಒಳಗೆ ಹೋದಳು.

ಇಂದು ಗಂಟಲಿನಿಂದ ಸ್ವರ ಹೊರಡುತ್ತಿಲ್ಲ. ಮನೆಯಾಕೆ ಕಾಳುಮೆಣಸಿನ ಕಷಾಯ ಮಾಡಿಕೊಟ್ಟಿದ್ದಾಳೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತೇನೆ.

ಚಂದಯ್ಯ ಹೆಗ್ಡೆ